ಕೇಳಿದ್ದೊಂದು, ಹತ್ತಿದ್ದೊಂದು: ಒಂದೇ ಹೆಸರಿನ ಹಾಡುಗಳ ದೋಷ ನಿವಾರಣೆ

ಡಿಸೆಂಬರ್ ಬಂತೆಂದರೆ ಕಲಬುರಗಿ, ಬೀದರ, ಯಾದಗಿರಿಯ ಶಾಲೆಗಳಲ್ಲಿ ಗ್ಯಾದರಿಂಗ್ (ವಾರ್ಷಿಕೋತ್ಸವ) ತಯಾರಿ ಶುರು. ಸೌಂಡ್‌ನವರ ಕೈಗೆ ಒಂದು ಚೀಟಿ ಬರುತ್ತದೆ: ಹಲೋ, ಸ್ಟೇ, ಡೈನಮೈಟ್, ಮೇಡ್ ಇನ್ ಇಂಡಿಯಾ, ದಿಲ್ಬರ್. ಬರೀ ಹೆಸರು, ಮುಂದೆ ಏನೂ ಇಲ್ಲ. ಈ ಐದರಲ್ಲಿ ಒಂದೊಂದು ಹೆಸರಿಗೂ ಕನಿಷ್ಠ ಎರಡು ಹಾಡುಗಳಿವೆ. ಮಕ್ಕಳು ವೇದಿಕೆ ಮೇಲೆ ಭಂಗಿ ಹಿಡಿದು ನಿಂತ ಮೇಲೆ ಬೇರೆ ಹಾಡು ಹತ್ತಿದರೆ ಬೈಸಿಕೊಳ್ಳುವುದು ಪೆನ್‌ಡ್ರೈವ್, ವೈರು, ಮಿಕ್ಸರ್. ದೋಷ ಇರುವುದು ಬಹುತೇಕ ಸಲ ಚೀಟಿಯಲ್ಲಿ. ಹಾಗಾಗಿ ಮೊದಲು ಚೀಟಿ, ಆಮೇಲೆ ಫೈಲು, ಕೊನೆಗೆ ಮಷಿನ್ ನೋಡಬೇಕು.

ಇಷ್ಟು ಹಾಡುಗಳಿಗೆ ಒಂದೇ ಹೆಸರು ಇರಲು ಕಾನೂನಿನ ಅಡ್ಡಿ ಇಲ್ಲ. ಹಾಡಿನ ಸಾಹಿತ್ಯಕ್ಕೆ, ಸಂಗೀತಕ್ಕೆ, ಧ್ವನಿಮುದ್ರಣಕ್ಕೆ ಕೃತಿಸ್ವಾಮ್ಯ ಉಂಟು. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಸಿನಿಮಾ ಹೆಸರಿನ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಕಡೆ ಈ ತೊಡಕು ಮೊದಲು ಅಷ್ಟಾಗಿ ಇರಲಿಲ್ಲ, ಯಾಕೆಂದರೆ ಹಾಡನ್ನು ಮೊದಲ ಸಾಲಿನಿಂದಲೇ ಕರೆಯುವುದು ರೂಢಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಯಾವುದು ಎಂದು ಭಜನೆಯವರನ್ನು ಕೇಳಿದರೆ ಅವರು ಪಲ್ಲವಿಯನ್ನೇ ಹೇಳುತ್ತಾರೆ. ಇಡೀ ಸಾಲು ಎರಡು ಹಾಡಿಗೆ ಹೊಂದುವುದು ಅಪರೂಪ. ಪಾಪ್ ಹಾಡಿಗೆ ಒಂದೇ ಶಬ್ದದ ಹೆಸರು ಇರುತ್ತದೆ, ಒಂದು ಶಬ್ದ ಹತ್ತು ಹಾಡಿಗೂ ಹೊಂದೀತು.

ಲಕ್ಷಣ: ಹಾಡು ಹತ್ತಿತು, "ಇದಲ್ರಿ ನಮ್ದು" ಅಂತಾರೆ

ಅತಿ ಸಾಮಾನ್ಯ ದೋಷ, ಅತಿ ಅಗ್ಗದ ಪರಿಹಾರ. ಹಾಡು ನಿಲ್ಲಿಸಿ, ಕೇಳಿದವರನ್ನೇ ಹತ್ತಿರ ಕರೆಯಿರಿ. "ಯಾವ ಹಾಡು?" ಎಂದು ಮತ್ತೆ ಕೇಳಬೇಡಿ, ಮತ್ತೆ ಅದೇ ಹೆಸರು ಹೇಳುತ್ತಾರೆ. ಈ ನಾಲ್ಕು ಕೇಳಿ: ಹಾಡಿದ್ದು ಗಂಡು ದನಿಯೋ ಹೆಣ್ಣು ದನಿಯೋ? ಯಾವ ಭಾಷೆ? ಹಳೆಯದೋ ಹೊಸದೋ? ಶುರುವಾಗುವುದು ಮಾತಿನಿಂದಲೋ ವಾದ್ಯದಿಂದಲೋ? ನಾಲ್ಕನೆಯದಕ್ಕೆ ಉತ್ತರ ಬರದಿದ್ದರೆ "ಸ್ವಲ್ಪ ಗುನುಗಿ ತೋರಿಸವ್ವ" ಎಂದರೆ ಸಾಕು, ಕುಣಿಯುವ ಮಕ್ಕಳಿಗೆ ಶುರುವಿನ ಎಂಟು ಎಣಿಕೆ ಬಾಯಿಪಾಠ ಇರುತ್ತದೆ.

ಪದೇ ಪದೇ ಅದಲುಬದಲಾಗುವ ಹೆಸರುಗಳನ್ನು ಗುರುತು ಸಮೇತ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

"ಹಲೋ" ಎಂದರೆ ಲಯೋನೆಲ್ ರಿಚಿ ಅವರ 1984ರ ಹಾಡೂ ಹೌದು, ಅಡೆಲ್ ಅವರ 2015ರ ಹಾಡೂ ಹೌದು. ಎರಡೂ ನಿಧಾನ, ಎರಡೂ ವಿರಹದ್ದೇ. ವ್ಯತ್ಯಾಸ ಹಿಡಿಯುವುದು ಸುಲಭ: ಹಾಡಿನ ಮೊದಲ ಶಬ್ದವೇ ಹಲೋ ಆಗಿದ್ದರೆ ಅದು ಅಡೆಲ್. ಪಲ್ಲವಿ ಬರುವವರೆಗೆ ಆ ಶಬ್ದ ಕಾಯಿಸಿದರೆ ರಿಚಿ. ಅಡೆಲ್ ಅವರದು 4 ನಿಮಿಷ 55 ಸೆಕೆಂಡು, ರಿಚಿ ಅವರದು 4 ನಿಮಿಷ ದಾಟಿ ಸ್ವಲ್ಪ.

"ಸ್ಟೇ" ಮೂರು ಇವೆ ಎಂದು ಲೆಕ್ಕ ಇಟ್ಟುಕೊಳ್ಳಿ. ರಿಹಾನಾ ಮತ್ತು ಮಿಕ್ಕಿ ಎಕ್ಕೊ ಅವರದು ಪಿಯಾನೊ ಮೇಲೆ ನಿಧಾನ ಸಾಗುವುದು. ಝೆಡ್ ಮತ್ತು ಅಲೆಸಿಯಾ ಕಾರಾ ಅವರದು 2017ರದು. ದ ಕಿಡ್ ಲರೊಯ್ ಮತ್ತು ಜಸ್ಟಿನ್ ಬೀಬರ್ ಅವರದು 2021ರದು, ಬರೀ 2 ನಿಮಿಷ 21 ಸೆಕೆಂಡು, ಓಡುವ ಲಯ. ಮಕ್ಕಳು ಕುಣಿಯಲು ಕೇಳಿದ್ದರೆ ಹೆಚ್ಚಾಗಿ ಈ ಕೊನೆಯದು.

"ಡೈನಮೈಟ್" ಜಾಣರನ್ನೂ ತಪ್ಪಿಸುತ್ತದೆ. ಟಾಯೊ ಕ್ರೂಜ್ ಅವರ 2010ರ ಹಾಡು, ಬಿಟಿಎಸ್ ತಂಡದ 2020ರ ಹಾಡು, ಎರಡೂ 3 ನಿಮಿಷ 20 ಸೆಕೆಂಡಿನ ಆಸುಪಾಸು, ಎರಡೂ ಇಂಗ್ಲಿಷ್, ಎರಡೂ ಕುಣಿತದವು. ಇಲ್ಲಿ ಅವಧಿ ನೋಡಿ ತೀರ್ಮಾನಿಸಿದರೆ ಕೈಕೊಡುತ್ತದೆ. ಲಯ ಹತ್ತಿರವೇ ಇದೆ: ಟಾಯೊ ಕ್ರೂಜ್ ಅವರದು ನಿಮಿಷಕ್ಕೆ 120 ಬಡಿತ, ಬಿಟಿಎಸ್‌ನದು 114. ಅರ್ಧ ನಿಮಿಷ ಕಾಲಲ್ಲಿ ತಾಳ ಹಾಕಿ ಎಣಿಸಿದರೆ ಒಂದಕ್ಕೆ 60 ಬರುತ್ತದೆ, ಇನ್ನೊಂದಕ್ಕೆ 57. ಅದಕ್ಕಿಂತ ಸುಲಭ ಗುರುತು ದನಿ: ಒಬ್ಬನೇ ಹಾಡುತ್ತಿದ್ದರೆ ಕ್ರೂಜ್, ದನಿ ಬದಲಾಗುತ್ತ ಹೋದರೆ ಬಿಟಿಎಸ್.

"ಮೇಡ್ ಇನ್ ಇಂಡಿಯಾ" ಸ್ವಾತಂತ್ರ್ಯ ದಿನಕ್ಕೂ ಗ್ಯಾದರಿಂಗಿಗೂ ಕೇಳುವ ಹೆಸರು. 1995ರದು ಅಲಿಶಾ ಚಿನಾಯ್ ಹಾಡಿದ್ದು, ಬಿಡ್ಡು ಸಂಗೀತ. 2018ರದು ಗುರು ರಂಧಾವಾ ಅವರದು, ಗಂಡು ದನಿ, ಪಂಜಾಬಿ ಬೆರಕೆ. ಟೀಚರ್ ಹೇಳಿದ್ದು ಮೊದಲನೆಯದು, ಹುಡುಗರು ತಾಲೀಮು ಮಾಡಿದ್ದು ಎರಡನೆಯದು ಆಗಿರುವ ಸಾಧ್ಯತೆ ಇದೆ. ಆದ್ದರಿಂದ ಟೀಚರ್ ಒಬ್ಬರನ್ನೇ ಕೇಳಿ ಬಿಡಬೇಡಿ, ಕುಣಿಯುವವರಲ್ಲಿ ಒಬ್ಬರಿಗೂ ಹಚ್ಚಿ ಕೇಳಿಸಿ.

ಎಚ್ಚರಿಕೆ: ಹೆಸರು ಒಂದೇ ಇದ್ದ ಮಾತ್ರಕ್ಕೆ ಮಕ್ಕಳ ಮುಂದೆ ಹಚ್ಚಬಹುದಾದ ಹಾಡು ಎಂದು ತಿಳಿಯಬೇಡಿ. "ವಿದೌಟ್ ಮಿ" ಹ್ಯಾಲ್ಸಿ ಅವರದು (2018) ಒಂದು, ಎಮಿನೆಮ್ ಅವರದು (2002) ಇನ್ನೊಂದು. ಎರಡನೆಯದರಲ್ಲಿ ಬೈಗುಳ ತುಂಬಿದೆ. 2021ರ "ಸ್ಟೇ"ಯಲ್ಲೂ ಒಂದು ಕೆಟ್ಟ ಶಬ್ದ ಇದೆ. ಆ್ಯಪ್‌ನಲ್ಲಿ ಹಾಡಿನ ಹೆಸರಿನ ಪಕ್ಕ ಇಂಗ್ಲಿಷಿನ "ಇ" ಅಕ್ಷರದ ಚಿಕ್ಕ ಚೌಕ ಕಂಡರೆ ಅದೇ ಸೂಚನೆ. ಶುದ್ಧ ಮಾಡಿದ ಆವೃತ್ತಿ ಹುಡುಕಿ, ಸಿಗದಿದ್ದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಇಲ್ಲದೆ ಹಚ್ಚಬೇಡಿ.

ಲಕ್ಷಣ: ಹಾಡು ಅದೇ ಅನಿಸ್ತದ, ಕುಣಿತ ಮಾತ್ರ ಕೂಡವಲ್ದು

ಇದು ಮೊದಲ ದೋಷಕ್ಕಿಂತ ಕೆಟ್ಟದ್ದು, ಯಾಕೆಂದರೆ ಮೊದಲ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಪಲ್ಲವಿ ಸರಿಯಾಗಿ ಬರುತ್ತದೆ, ನಡುವಿನ ವಾದ್ಯ ಬೇರೆ, ಚರಣದ ಜಾಗದಲ್ಲಿ ರ‍್ಯಾಪ್, ಮಕ್ಕಳು ಅರ್ಧಕ್ಕೆ ನಿಲ್ಲುತ್ತಾರೆ. ಕಾರಣ ಎರಡು ಬಗೆಯದು, ಬೇರೆ ಬೇರೆ ಹಿಡಿಯಬೇಕು.

ಒಂದು, ಹಳೆಯದನ್ನು ಮತ್ತೆ ಕಟ್ಟಿದ ಹಾಡು. ಫಾಲ್ಗುಣಿ ಪಾಠಕ್ ಅವರ "ಯಾದ್ ಪಿಯಾ ಕಿ ಆನೆ ಲಗಿ" 1998ರದು. 2019ರಲ್ಲಿ ನೇಹಾ ಕಕ್ಕರ್ ದನಿಯಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂತು. "ದಿಲ್ಬರ್" 1999ರ "ಸಿರ್ಫ್ ತುಮ್" ಚಿತ್ರದ್ದು, 2018ರ "ಸತ್ಯಮೇವ ಜಯತೆ"ಯಲ್ಲಿ ಹೊಸ ರೂಪ. ಇವುಗಳನ್ನು ದನಿಯಿಂದ ಬೇರ್ಪಡಿಸಬಹುದು. "ಟಿಪ್ ಟಿಪ್" ವಿಷಯದಲ್ಲಿ ಆ ಉಪಾಯವೂ ನಡೆಯದು: 1994ರ "ಮೊಹ್ರಾ"ದಲ್ಲಿ ಹಾಡಿದ ಅಲ್ಕಾ ಯಾಜ್ಞಿಕ್, ಉದಿತ್ ನಾರಾಯಣ್ ದನಿಗಳೇ 2021ರ "ಸೂರ್ಯವಂಶಿ"ಯ ರೂಪದಲ್ಲೂ ಇವೆ. ಇಲ್ಲಿ ಚಿತ್ರದ ಹೆಸರು ಇಲ್ಲವೇ ವರ್ಷ ಕೇಳದೆ ದಾರಿ ಇಲ್ಲ.

ಎರಡು, ಭಾಷೆ ಬದಲಾದ ಹಾಡು. ನಮ್ಮ ಮೂರು ಜಿಲ್ಲೆಗಳಿಗೆ ಇದು ವಿಶೇಷ ತಲೆನೋವು. ಬೀದರಿನಲ್ಲಿ ಒಂದೇ ಮದುವೆಗೆ ಕನ್ನಡ, ಮರಾಠಿ, ಉರ್ದು, ತೆಲುಗು ಮಾತಾಡುವ ಬೀಗರು ಬಂದಿರುತ್ತಾರೆ. "ಝಿಂಗಾಟ್ ಹಚ್ರಿ ಅಣ್ಣಾ" ಎಂದವರು ಮರಾಠಿ "ಸೈರಾಟ್" (2016) ಚಿತ್ರದ್ದು ಕೇಳಿರಬಹುದು, ಹಿಂದಿ "ಧಡಕ್" (2018) ಚಿತ್ರದ್ದೂ ಇರಬಹುದು. ಅದೇ ಕಥೆಯ ಕನ್ನಡ ರೂಪ "ಮನಸು ಮಲ್ಲಿಗೆ" 2017ರಲ್ಲಿ ಬಂದಿತ್ತು, ಅದಕ್ಕೂ ಅಜಯ್-ಅತುಲ್ ಅವರದೇ ಸಂಗೀತ. ಬೀಗರ ಕಡೆಯಿಂದ ಬಂದ ಬೇಡಿಕೆಗೆ "ಯಾವ ಭಾಷಾದ್ದು ಬೇಕ್ರಿ?" ಎನ್ನುವುದು ಮೊದಲ ಪ್ರಶ್ನೆಯಾಗಲಿ. ಇದರ ತಿರುಗುಮುರುಗು ಸಂಗತಿಯೂ ಇದೆ: "ನಾಟು ನಾಟು" ಕನ್ನಡದಲ್ಲಿ "ಹಳ್ಳಿ ನಾಟು", ಹಿಂದಿಯಲ್ಲಿ "ನಾಚೊ ನಾಚೊ". ಹೆಸರು ಬೇರೆ, ಧಾಟಿ ಒಂದೇ. ಚೀಟಿಯಲ್ಲಿ ಮೂರೂ ಕಂಡರೆ ಮೂರು ಹಾಡು ಎಂದು ಸಮಯ ಲೆಕ್ಕ ಹಾಕುವ ಮೊದಲು ವಿಚಾರಿಸಿ.

ತಾಲೀಮಿನಲ್ಲಿ ಬಳಸಿದ ಫೈಲನ್ನೇ ತರಿಸುವುದು ಇಲ್ಲಿ ಖಚಿತ ಪರಿಹಾರ. ಅದೇ ಹೆಸರಿನ "ಒಳ್ಳೆ ಕ್ವಾಲಿಟಿ" ಫೈಲನ್ನು ಸೌಂಡ್‌ನವರು ತಾವಾಗಿ ಇಳಿಸಿಕೊಂಡರೆ ರೀಮಿಕ್ಸ್, ಚಿತ್ರದ ಕತ್ತರಿಸಿದ ಆವೃತ್ತಿ, ನಿಧಾನ ಮಾಡಿದ ಆವೃತ್ತಿ, ಯಾವುದು ಬಂದೀತೋ ಹೇಳಲಾಗದು.

ಲಕ್ಷಣ: ಪೆನ್‌ಡ್ರೈವ್‌ಗೆ ಎರಡು ಹಾಕಿದ್ದು, ಇರೋದು ಒಂದೇ

ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲು ಇರಲಾರವು. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ, ಫೈಲು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರವನ್ನೂ ಬೇರೆ ಎಂದು ಎಣಿಸುವುದಿಲ್ಲ. ಎರಡನೆಯ "ಹಲೋ" ಹಾಕುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂದಿರುತ್ತದೆ: ಬದಲಿಸಲೇ, ಬಿಡಲೇ, ಎರಡನ್ನೂ ಇಡಲೇ? ಗಡಿಬಿಡಿಯಲ್ಲಿ "ಬದಲಿಸು" ಒತ್ತಿದರೆ ಮೊದಲನೆಯದು ಹೋಯಿತು. "ಎರಡನ್ನೂ ಇಡು" ಒತ್ತಿದರೆ ಎರಡನೆಯದಕ್ಕೆ "ಹಲೋ (1)", "ಹಲೋ (2)" ಥರದ ಹೆಸರು ಬರುತ್ತದೆ. ಆ ಅಂಕಿ ಯಾವ ಗಾಯಕರದು ಎಂದು ನಾಳೆ ಯಾರಿಗೂ ನೆನಪಿರುವುದಿಲ್ಲ.

ಮೊದಲು ನೋಡಬೇಕಾದ್ದು ಹಾಡು ಕೊಟ್ಟ ಮೊಬೈಲ್. ಅಲ್ಲಿ ಮೂಲ ಫೈಲು ಇದ್ದರೆ ಮತ್ತೆ ತೆಗೆದುಕೊಳ್ಳಿ, ಕೆಲಸ ಮುಗಿಯಿತು. ಮೂಲ ಎಲ್ಲೂ ಇಲ್ಲ, ಅದು ಮಕ್ಕಳಿಗಾಗಿ ಕತ್ತರಿಸಿ ಜೋಡಿಸಿದ ಒಂದೇ ಪ್ರತಿ ಎಂದಾದರೆ ಅಲ್ಲೇ ನಿಲ್ಲಿ. ಆ ಪೆನ್‌ಡ್ರೈವ್‌ಗೆ ಇನ್ನು ಒಂದು ಫೈಲನ್ನೂ ಹಾಕಬೇಡಿ, ಅಳಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಹೊಸದು ಬರೆದಷ್ಟೂ ಹಳೆಯದರ ಜಾಗ ಮುಚ್ಚಿಹೋಗುತ್ತದೆ. ಡೇಟಾ ಮರಳಿ ತೆಗೆಯುವವರ ಬಳಿ ಒಯ್ಯಿರಿ. ಸಿಗುತ್ತದೆ ಎಂಬ ಖಾತ್ರಿ ಇಲ್ಲ, ಆದರೆ ಕೈಯಾಡಿಸದೆ ಒಯ್ದರೆ ಮಾತ್ರ ಅವಕಾಶ.

ಮುಂದೆ ಹೀಗಾಗದಂತೆ ಫೈಲಿನ ಹೆಸರು ಹೀಗಿಡಿ: ಕಾರ್ಯಕ್ರಮದ ಸಂಖ್ಯೆ, ಹಾಡು, ಗಾಯಕ, ವರ್ಷ, ಭಾಷೆ. "07 ಹಲೋ ಅಡೆಲ್ 2015 ಇಂಗ್ಲಿಷ್". ಸಂಖ್ಯೆಗೆ ಎರಡು ಅಂಕಿ ಬೇಕೇ ಬೇಕು. 7 ಎಂದಷ್ಟೇ ಬರೆದರೆ ಹಲವು ಪ್ಲೇಯರ್‌ಗಳಲ್ಲಿ 10, 11 ಅದಕ್ಕಿಂತ ಮೇಲೆ ಹೋಗಿ ಕೂರುತ್ತವೆ. ಇನ್ನೊಂದು ಮಾತು: ಕೆಲವು ಅಗ್ಗದ ಪ್ಲೇಯರ್‌ಗಳು ಹೆಸರಿನ ಕ್ರಮ ನೋಡುವುದೇ ಇಲ್ಲ, ಫೈಲು ಹಾಕಿದ ಕ್ರಮದಲ್ಲಿ ನುಡಿಸುತ್ತವೆ. ಅಂಥದ್ದಿದ್ದರೆ 01ರಿಂದ ಶುರುಮಾಡಿ ಒಂದೊಂದಾಗಿ ಹಾಕಿ.

ಲಕ್ಷಣ: ಪರದೆಯ ಮೇಲೆ ಎರಡೂ ಹಾಡಿಗೆ ಒಂದೇ ಹೆಸರು, ಇಲ್ಲವೇ ಬರೀ ಚೌಕ

ಫೈಲಿನ ಹೆಸರು ಬದಲಿಸಿದರೂ ಕಾರ್ ಸ್ಟೀರಿಯೊ ಹಳೆಯ ಹೆಸರನ್ನೇ ತೋರಿಸುತ್ತಿದ್ದರೆ ಅದು ಓದುತ್ತಿರುವುದು ಫೈಲಿನ ಹೆಸರನ್ನಲ್ಲ, ಎಂಪಿ3ಯ ಒಳಗಿನ ಟ್ಯಾಗನ್ನು, ಅಂದರೆ ಫೈಲಿನೊಳಗೇ ಬರೆದಿಟ್ಟ ಹಾಡಿನ ವಿವರವನ್ನು. ಹಳೆಯ ಮಾದರಿಯ ಟ್ಯಾಗ್‌ನಲ್ಲಿ ಹಾಡಿನ ಹೆಸರಿಗೆ ಇರುವ ಜಾಗ 30 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ಕಾಗುಣಿತದ ಗುರುತೂ ಒಂದು ಸಂಕೇತವೇ. ಶಿಶುನಾಳ ಶರೀಫರ "ಸೋರುತಿಹುದು ಮನೆಯ ಮಾಳಿಗಿ" ಎಂದು ತುಂಬಿ ನೋಡಿ: "ಸೋರುತಿಹುದು" ಎನ್ನುವಷ್ಟರಲ್ಲಿ ಐದು ಅಕ್ಷರ, ಐದು ಗುಣಿತದ ಗುರುತು, ಒಟ್ಟು ಹತ್ತು ಸಂಕೇತ, 30 ಬೈಟ್ ಖಾಲಿ. ಸಿ. ಅಶ್ವತ್ಥ್ ಅವರ ಧಾಟಿಯೂ ರಘು ದೀಕ್ಷಿತ್ ಅವರ ರಾಕ್ ಧಾಟಿಯೂ ಪರದೆಯ ಮೇಲೆ ಒಂದೇ ಆಗಿ ಕಾಣುತ್ತವೆ. ಟ್ಯಾಗ್ ತಿದ್ದುವ ಉಚಿತ ಆ್ಯಪ್‌ನಲ್ಲಿ ಗಾಯಕರ ಹೆಸರನ್ನು ಮೊದಲು, ಹಾಡಿನ ಹೆಸರನ್ನು ಆಮೇಲೆ ಬರೆದರೆ ತೀರಿತು.

ಚೌಕ, ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಸ್ಟೀರಿಯೊದಲ್ಲಿ ಕನ್ನಡದ ಫಾಂಟ್ ಇಲ್ಲ. ರಿಪೇರಿಗೆ ಹಣ ಹಾಕಬೇಡಿ, ಟ್ಯಾಗನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ.

ಲಕ್ಷಣ: ಮೊಬೈಲ್‌ಗೆ ಬಾಯಲ್ಲಿ ಹೇಳಿದರೆ ಯಾವಾಗಲೂ ಇನ್ನೊಂದೇ ಹತ್ತುತ್ತದೆ

ಆ್ಯಪ್ ಹೆಚ್ಚು ಜನ ಕೇಳುವುದನ್ನೂ ಆ ಖಾತೆಯಲ್ಲಿ ಹಿಂದೆ ಕೇಳಿದ್ದನ್ನೂ ನೋಡಿ ಆರಿಸುತ್ತದೆ. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇದ್ದರೆ ಮಕ್ಕಳ ರುಚಿಯೇ ಗೆಲ್ಲುತ್ತದೆ. ಹಾಡಿನ ಜೊತೆ ಗಾಯಕರ ಹೆಸರು ಸೇರಿಸಿ ಹೇಳಿ. ಆಗಲೂ ಆಗದಿದ್ದರೆ ಬೆರಳಲ್ಲಿ ಹುಡುಕಿ, ಸಿಕ್ಕದ್ದನ್ನು ಪಟ್ಟಿಯಲ್ಲಿ ಉಳಿಸಿಕೊಂಡು, ಮುಂದೆ ಆ ಪಟ್ಟಿಯ ಹೆಸರನ್ನೇ ಹೇಳಿ.

ಲಕ್ಷಣ: ಕರೋಕೆ ಟ್ರ್ಯಾಕ್ ಹತ್ತಿತು, ಹಾಡುವವರ ಶ್ರುತಿ ಕೂಡವಲ್ದು

ಟ್ರ್ಯಾಕ್‌ನಲ್ಲಿ ದನಿ ಇಲ್ಲದ್ದರಿಂದ ಇಲ್ಲಿ ದನಿಯ ಗುರುತು ಇಲ್ಲ. ಮೊದಲು ಶುರುವಿನ ವಾದ್ಯಭಾಗ ಕೇಳಿ, ಹಾಡೇ ಬೇರೆಯೋ ಅಥವಾ ಶ್ರುತಿ ಮಾತ್ರ ಬೇರೆಯೋ ಎಂದು ಬೇರ್ಪಡಿಸಿ. ರಿಚಿ ಅವರ "ಹಲೋ" ಎ ಮೈನರ್, ಅಡೆಲ್ ಅವರದು ಎಫ್ ಮೈನರ್. ಪೇಟಿ ನುಡಿಸುವವರ ಲೆಕ್ಕದಲ್ಲಿ ಬಿಳಿ 6 ಮತ್ತು ಬಿಳಿ 4, ನಡುವೆ ನಾಲ್ಕು ಅರ್ಧಸ್ವರದ ಅಂತರ. ಪೇಟಿಯವರು ಒಂದು ಮನೆ ಒತ್ತಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಡು ಅದೇ ಇದ್ದು ಶ್ರುತಿ ಮಾತ್ರ ಬೇರೆಯಾದರೆ ಆ್ಯಪ್‌ನಲ್ಲಿ ಎರಡು ಅರ್ಧಸ್ವರದವರೆಗೆ ಏರಿಸಿ ಇಳಿಸಬಹುದು. ಅದಕ್ಕೂ ಹೆಚ್ಚು ಎಳೆದರೆ ವಾದ್ಯದ ನಾದ ಕೆಡುತ್ತದೆ, ಬೇರೆ ಟ್ರ್ಯಾಕ್ ಹುಡುಕುವುದೇ ಲೇಸು.

ಎಚ್ಚರಿಕೆ: ಯಾವ ಟ್ರ್ಯಾಕ್ ಎಂದು ಪರೀಕ್ಷಿಸುವುದು ಹೆಡ್‌ಫೋನ್‌ನಲ್ಲಿ, ಜನರ ಮುಂದಿನ ಬಾಕ್ಸ್‌ನಲ್ಲಲ್ಲ. ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಪೂರ್ತಿ ಕೆಳಗಿಳಿಸಿ, ಹೆಡ್‌ಫೋನ್‌ಗೆ ಮಾತ್ರ ಸದ್ದು ಕಳಿಸುವ ಮಿಕ್ಸರ್‌ನ ಕ್ಯೂ ಬಟನ್ ಒತ್ತಿ 15 ಸೆಕೆಂಡು ಕೇಳಿ. ಒಂದೊಂದು ಫೈಲಿನ ದನಿಯ ಮಟ್ಟ ಒಂದೊಂದು ಥರ, ಫೇಡರ್ ಮೇಲಿದ್ದಾಗ ಜೋರಿನ ಫೈಲು ಹತ್ತಿದರೆ ಬಾಕ್ಸ್‌ನ ಟ್ವೀಟರ್ (ತೀಕ್ಷ್ಣ ಸದ್ದಿನ ಚಿಕ್ಕ ಸ್ಪೀಕರ್) ಸುಟ್ಟೀತು, ಮುಂದೆ ಕುಳಿತ ಮಕ್ಕಳ ಕಿವಿಗೂ ಪೆಟ್ಟು. ಆಂಪ್ಲಿಫೈಯರ್ ಆನ್ ಇರುವಾಗ ಸ್ಪೀಕರ್ ವೈರು ಕಿತ್ತು ಹಾಕಬೇಡಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದನ್ನು 2000ದ ಶಬ್ದಮಾಲಿನ್ಯ ನಿಯಮ ನಿರ್ಬಂಧಿಸಿದೆ. ತಪ್ಪಿದ ಹಾಡನ್ನು ಮತ್ತೆ ಹಚ್ಚುವ ಹಟದಲ್ಲಿ ಆ ಗಡಿ ದಾಟಬೇಡಿ.

ಲಕ್ಷಣ: ಯಾರಿಗೂ ಹೆಸರೇ ಖಚಿತವಿಲ್ಲ

ಮೂಲ ಧ್ವನಿಮುದ್ರಣ ಎಲ್ಲಾದರೂ ನುಡಿಯುತ್ತಿದ್ದರೆ ಶಜಾಮ್‌ನಂಥ ಆ್ಯಪ್ ಕೆಲವೇ ಸೆಕೆಂಡಿನಲ್ಲಿ ಹೇಳುತ್ತದೆ. ಅದು ಹಿಡಿಯುವುದು ಆ ಮುದ್ರಣದ ನಾದದ ಗುರುತನ್ನು, ಹೆಸರನ್ನಲ್ಲ. ಅದಕ್ಕೇ ಒಂದೇ ಹೆಸರಿನ ಹಾಡುಗಳಲ್ಲಿ ಅದು ಬಲು ಉಪಯುಕ್ತ. ಅದೇ ಕಾರಣಕ್ಕೆ ಆರ್ಕೆಸ್ಟ್ರಾದವರು ನೇರವಾಗಿ ಹಾಡಿದ್ದನ್ನೂ ಡಿಜೆ ವೇಗ ಏರಿಸಿದ್ದನ್ನೂ ಅದು ಗುರುತಿಸದೇ ಹೋಗಬಹುದು. ಆಗ ಗೂಗಲ್ ಆ್ಯಪ್‌ನಲ್ಲಿ 10ರಿಂದ 15 ಸೆಕೆಂಡು ಗುನುಗಿ ಹುಡುಕಿ. ಅದು ಧಾಟಿ ನೋಡುತ್ತದೆ. ಗುನುಗಲು ಪಲ್ಲವಿಯನ್ನೇ ಆರಿಸಿ.

ಹೆಸರು ತಿಳಿದ ಮೇಲೆ ಸಿಕ್ಕಸಿಕ್ಕಲ್ಲಿ ಇಳಿಸಬೇಡಿ. ಹಾಡು ಎಂದು ಹೇಳಿ ಎಪಿಕೆ ಫೈಲು ಕೊಡುವ ತಾಣ ಕಂಡರೆ ಅಲ್ಲಿಂದ ಹೊರಬನ್ನಿ. ಹಾಡಿಗೆ ಎಪಿಕೆ ಬೇಕಿಲ್ಲ, ಅದು ಮೊಬೈಲಿನೊಳಗೆ ಕೂರುವ ಆ್ಯಪ್. ಬ್ಯಾಂಕಿನ ಒಟಿಪಿ ಬರುವ ಮೊಬೈಲ್‌ನಲ್ಲಿ ಅಂಥದ್ದನ್ನು ಹಾಕಿಯಾಗಿದ್ದರೆ ಇಂಟರ್‌ನೆಟ್ ಆಫ್ ಮಾಡಿ ಮೊದಲು ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ.

ಲಕ್ಷಣ: ಗ್ಯಾದರಿಂಗ್ ವಿಡಿಯೊ ಯೂಟ್ಯೂಬ್‌ಗೆ ಹಾಕಿದ ಮೇಲೆ ಬೇರೆ ಯಾರದೋ ಹಕ್ಕಿನ ಸೂಚನೆ

"ನಾವು ಹಚ್ಚಿದ್ದು ಅವರ ಹಾಡಲ್ಲ, ಹೆಸರು ಒಂದೇ ಅಂತ ತಪ್ಪಾಗಿದೆ" ಎಂದು ತಕ್ಷಣ ತಕರಾರು ಹಾಕಬೇಡಿ. ಯೂಟ್ಯೂಬ್‌ನ ವ್ಯವಸ್ಥೆ ಹೋಲಿಸುವುದು ನಾದವನ್ನು. ಸೂಚನೆಯಲ್ಲಿ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷ ಎಂದಿರುತ್ತದೆ, ಅಷ್ಟನ್ನು ಕೇಳಿ ನೋಡಿ. ನಡುವೆ ಬೇರೆ ತಂಡದ ಹಾಡು ಬಂದಿರಬಹುದು.

ಇಲ್ಲಿ ಎರಡು ಸಂಕೇತಗಳ ತಿಳಿವಳಿಕೆ ಬೇಕು. ಐಎಸ್‌ಆರ್‌ಸಿ ಎಂಬ 12 ಅಂಕಿ-ಅಕ್ಷರಗಳ ಸಂಕೇತ ಒಂದು ಧ್ವನಿಮುದ್ರಣಕ್ಕೆ ಸೇರಿದ್ದು. ಐಎಸ್‌ಡಬ್ಲ್ಯುಸಿ ರಚನೆಗೆ, ಅಂದರೆ ಸಾಹಿತ್ಯ ಮತ್ತು ಧಾಟಿಗೆ ಸೇರಿದ್ದು. "ದ ಪವರ್ ಆಫ್ ಲವ್" ತೆಗೆದುಕೊಳ್ಳಿ. 1984-85ರ ಸುಮಾರಿಗೆ ಫ್ರಾಂಕಿ ಗೋಸ್ ಟು ಹಾಲಿವುಡ್, ಜೆನಿಫರ್ ರಶ್, ಹ್ಯೂಯಿ ಲೂಯಿಸ್ ಅಂಡ್ ದ ನ್ಯೂಸ್ ಮೂವರೂ ಈ ಹೆಸರಿನ ಹಾಡು ತಂದರು. ಮೂರೂ ಸಂಬಂಧವಿಲ್ಲದ ರಚನೆಗಳು. 1993ರಲ್ಲಿ ಸೆಲೀನ್ ಡಿಯಾನ್ ಹಾಡಿದ್ದು ಜೆನಿಫರ್ ರಶ್ ಅವರದೇ ಹಾಡನ್ನು. ಹಾಗಾಗಿ ಒಂದು ಹೆಸರು, ಮೂರು ರಚನೆ, ನಾಲ್ಕು ಮುದ್ರಣ. ನಿಮ್ಮ ಹುಡುಗಿ ರಶ್ ಅವರ ಹಾಡನ್ನು ತಾನೇ ಹಾಡಿದ್ದರೂ ರಚನೆಯ ಹಕ್ಕಿನವರು ಕೇಳಬಹುದು, ಹ್ಯೂಯಿ ಲೂಯಿಸ್ ಹಾಡಿನವರು ಕೇಳಲಾಗದು. ಐಎಸ್‌ಆರ್‌ಸಿಯಲ್ಲಿರುವ ವರ್ಷದ ಎರಡು ಅಂಕಿ ನೋಡಿ ಹಾಡು ಯಾವಾಗಿನದು ಎಂದು ತೀರ್ಮಾನಿಸಬೇಡಿ. ಅದು ಸಂಕೇತ ಕೊಟ್ಟ ವರ್ಷ, ಹಳೆಯ ಮುದ್ರಣಕ್ಕೂ ಹೊಸ ವರ್ಷ ಬಿದ್ದಿರಬಹುದು.

ಕೇಳಿ ನೋಡಿದಾಗ ನಿಜಕ್ಕೂ ತಪ್ಪು ಹೊಂದಾಣಿಕೆ ಎಂದು ಖಾತ್ರಿಯಾದರೆ ತಕರಾರು ಹಾಕಿ. ಹಕ್ಕು ಹೇಳಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಅವರು ಮತ್ತೆ ಗಟ್ಟಿಯಾಗಿ ನಿಂತರೆ ಅಲ್ಲಿಗೆ ನಿಲ್ಲಿಸಿ, ಕೃತಿಸ್ವಾಮ್ಯ ಬಲ್ಲ ವಕೀಲರನ್ನು ಕೇಳಿ ಇಲ್ಲವೇ ಆ ಭಾಗದ ಸದ್ದು ತೆಗೆದುಬಿಡಿ. 90 ದಿನದೊಳಗೆ ಮೂರು ಸ್ಟ್ರೈಕ್ (ಕೃತಿಸ್ವಾಮ್ಯ ಮೀರಿದ್ದಕ್ಕೆ ಯೂಟ್ಯೂಬ್ ಚಾನೆಲ್ ಮೇಲೆ ಹಾಕುವ ತಪ್ಪಿನ ಗುರುತು) ಬಿದ್ದರೆ ಶಾಲೆಯ ಚಾನೆಲ್ಲೇ ಮುಚ್ಚಬಹುದು, ಹಿಂದಿನ ವರ್ಷಗಳ ಗ್ಯಾದರಿಂಗ್ ವಿಡಿಯೊಗಳೂ ಅದರ ಜೊತೆ ಹೋಗುತ್ತವೆ. ತಕರಾರು ಹಾಕುವ ಮುಂಚೆ ಅವನ್ನೆಲ್ಲ ಬೇರೊಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಟ್ಟುಕೊಳ್ಳಿ.